ಬೂದಿಗೂ ರೈಲು ಬಾಡಿಗೆ: ಕಲ್ಲಿದ್ದಲಿನಿಂದ ಡೀಸೆಲ್ ತೆಗೆಯುವ ಲೆಕ್ಕ

ಸೋಲಾಪುರ ಜಿಲ್ಲೆಯ ಹೋಟಗಿ ಹತ್ತಿರ ರೈಲ್ವೆ ಗೇಟು ಬಿದ್ದಾಗ ಗಾಡಿ ಬಂದ್ ಮಾಡಿಕೊಂಡು ನಿಂತವರು ಕಲ್ಲಿದ್ದಲಿನ ಗೂಡ್ಸಿನ ಡಬ್ಬಿಗಳನ್ನು ಒಮ್ಮೆಯಾದರೂ ಎಣಿಸಿರುತ್ತಾರೆ. 58 ಇಲ್ಲವೆ 59 ಬರುತ್ತವೆ. ಇಂಥ ಇಡೀ ಗಾಡಿಗೆ ರೇಕ್ ಎನ್ನುತ್ತಾರೆ; ಒಂದು ರೇಕ್ ಅಂದರೆ ಹೆಚ್ಚುಕಡಿಮೆ 4,000 ಟನ್. ಫತಾಟೆವಾಡಿಯ ಎನ್‌ಟಿಪಿಸಿ ವಿದ್ಯುತ್ ಸ್ಥಾವರದಲ್ಲಿ 660 ಮೆಗಾವ್ಯಾಟಿನ ಎರಡು ಘಟಕಗಳಿವೆ. ಅವುಗಳ ಹೊಟ್ಟೆ ತುಂಬಿಸುವುದು ಇಂಥ ರೇಕ್‌ಗಳೇ. ಕಲ್ಲಿದ್ದಲನ್ನು ಗ್ಯಾಸ್ ಮಾಡಿ, ಆ ಗ್ಯಾಸಿನಿಂದ ಡೀಸೆಲ್, ಮೆಥನಾಲ್ ತೆಗೆಯುವ ಯೋಜನೆಗಳ ಸುದ್ದಿ ಬಂದಾಗಲೆಲ್ಲ ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತದ ಕಡೆ ಏಳುವ ಪ್ರಶ್ನೆ ಒಂದೇ: ಕಲ್ಲಿದ್ದಲು ಹೇಗೂ ನಮ್ಮ ಬಾಗಿಲಿಗೆ ಬರುತ್ತಿದೆ, ಆ ಕಾರ್ಖಾನೆ ಇಲ್ಲೇ ಯಾಕಾಗಬಾರದು?

ಇದರ ಉತ್ತರದ ಅರ್ಧ ಭಾಗ ಈ ಜಿಲ್ಲೆಯ ಕಬ್ಬು ಬೆಳೆಗಾರರಿಗೆ ಗೊತ್ತೇ ಇದೆ. 100 ಕಿಲೋ ಕಬ್ಬು ಅರೆದರೆ ಸಕ್ಕರೆ ಸಿಗುವುದು 10–11 ಕಿಲೋ. ಹಾಗಾಗಿ ಯಾರೂ ಕಬ್ಬನ್ನು ಮುಂಬೈಗೆ ಸಾಗಿಸಿ ಅಲ್ಲಿ ಅರೆಯುವುದಿಲ್ಲ. ಸಕ್ಕರೆ ಕಾರ್ಖಾನೆಯೇ ಹೊಲದ ಹತ್ತಿರ ಬಂದು ಕೂರುತ್ತದೆ, ಮುಂಬೈಗೆ ಹೋಗುವುದು ಸಕ್ಕರೆಯ ಚೀಲ. ಕಡಿಯುವ ಟೋಳಿ, ಟ್ರ್ಯಾಕ್ಟರು, ಸಾಗಾಣಿಕೆ ಅಂತ ಬಿಲ್ಲಿನಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದು ರೈತನಿಗೆ ಬಾಯಿಪಾಠ. ಹೊಲ 20 ಕಿ.ಮೀ. ದೂರದ್ದೋ 60 ಕಿ.ಮೀ. ದೂರದ್ದೋ ಎನ್ನುವುದರ ಮೇಲೆ ಲಾಭ ನಿಲ್ಲುತ್ತದೆ. ಕಲ್ಲಿದ್ದಲಿನಿಂದ ದ್ರವ ಇಂಧನ ತೆಗೆಯುವುದೂ ಇದೇ ಜಾತಿಯ ಕೆಲಸ. ವ್ಯತ್ಯಾಸ ಇಷ್ಟೇ: ಕಬ್ಬಿನ ಸಿಪ್ಪೆ ಬಾಯ್ಲರಿಗಾದರೂ ಆಗುತ್ತದೆ, ಕಲ್ಲಿದ್ದಲಿನ ಬೂದಿ ಹಾಗೆ ಉರಿಯುವುದಿಲ್ಲ.

ಒಳಗೆ ಏನು ನಡೆಯುತ್ತದೆ

ಕಲ್ಲಿದ್ದಲನ್ನು ಪೂರ್ತಿ ಸುಡದೆ, ಅಳತೆಯ ಆಮ್ಲಜನಕ ಮತ್ತು ಹಬೆ ಕೊಟ್ಟು ಅರೆಬರೆ ಸುಟ್ಟರೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಬೆರೆತ ಗ್ಯಾಸ್ ಬರುತ್ತದೆ. ಅದೇ ಸಿನ್‌ಗ್ಯಾಸ್. ಅದರ ಧೂಳು, ಗಂಧಕ ತೆಗೆದು, ಹೈಡ್ರೋಜನ್ ಪ್ರಮಾಣ ಏರಿಸಿ, ಕಬ್ಬಿಣ ಅಥವಾ ಕೋಬಾಲ್ಟ್ ವೇಗವರ್ಧಕದ ಮೇಲೆ ಹಾಯಿಸಿದರೆ ಡೀಸೆಲ್, ನಾಫ್ತಾ, ಮೇಣ ಸಿಗುತ್ತವೆ. ಈ ಕೊನೆಯ ಹಂತವನ್ನು 1920ರ ದಶಕದಲ್ಲಿ ಜರ್ಮನಿಯ ಫ್ರಾನ್ಜ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಶ್ ಕಂಡುಹಿಡಿದರು, ಹೆಸರೂ ಅವರದ್ದೇ ಉಳಿದಿದೆ. ವೇಗವರ್ಧಕ ಬದಲಿಸಿದರೆ ಅದೇ ಗ್ಯಾಸಿನಿಂದ ಮೆಥನಾಲ್ ಮಾಡಬಹುದು, ಅಮೋನಿಯ ಮಾಡಿ ಯೂರಿಯಾಕ್ಕೂ ಹೋಗಬಹುದು. ರಸಾಯನಶಾಸ್ತ್ರ ನೂರು ವರ್ಷ ಹಳೆಯದು. ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಗೇಟಿನ ಹೊರಗೆ, ಕಲ್ಲಿದ್ದಲು ಬರುವ ದಾರಿಯಲ್ಲಿ.

ಕೊಳ್ಳುವುದು ಟನ್ನು, ಬೇಕಾದದ್ದು ಶಾಖ

ಭಾರತದಲ್ಲಿ ಉಕ್ಕಿನ ಕುಲುಮೆಯ ಕೋಕ್ ಮಾಡಲು ಬಾರದ ಕಲ್ಲಿದ್ದಲಿಗೆ ಜಿ1ರಿಂದ ಜಿ17ರ ತನಕ ದರ್ಜೆಗಳಿವೆ. ಒಂದು ಕಿಲೋ ಸುಟ್ಟರೆ ಎಷ್ಟು ಕಿಲೋಕ್ಯಾಲೊರಿ ಶಾಖ ಬರುತ್ತದೆ ಎಂಬುದೇ ದರ್ಜೆಗೆ ಆಧಾರ. 7,000 ದಾಟಿದರೆ ಜಿ1, ಅಲ್ಲಿಂದ ಕೆಳಗೆ 300ರ ಮೆಟ್ಟಿಲು. 4,000ದಿಂದ 4,300ರದ್ದು ಜಿ11, 3,700ರಿಂದ 4,000ದ್ದು ಜಿ12. ನಮ್ಮ ದೇಶದಲ್ಲಿ ಹೇರಳವಾಗಿ ಸಿಗುವುದು ಈ ಕೆಳಮೆಟ್ಟಿಲಿನ ಮಾಲೇ. ಬೂದಿ ಶೇ 35ರಿಂದ 45.

ಈಗ ಗೇಟಿನಲ್ಲಿ ಎಣಿಸಿದ ಆ 58 ಡಬ್ಬಿಗಳನ್ನೇ ತೆಗೆದುಕೊಳ್ಳಿ. ಬೂದಿ ಶೇ 38, ತೇವ ಶೇ 10 ಎಂದಿಟ್ಟುಕೊಂಡರೆ 4,000 ಟನ್ನಿನಲ್ಲಿ 1,520 ಟನ್ ಬೂದಿ, 400 ಟನ್ ನೀರು. ಡಬ್ಬಿ ಲೆಕ್ಕದಲ್ಲಿ ಹೇಳುವುದಾದರೆ 58ರಲ್ಲಿ 28 ಡಬ್ಬಿ ಉರಿಯದ ವಸ್ತುವನ್ನೇ ಹೊತ್ತು ಬಂದಿವೆ. ರೈಲ್ವೆಯ ಬಾಡಿಗೆ ಟನ್ನಿಗೆ; ಅದಕ್ಕೆ ಕಾರ್ಬನ್ ಯಾವುದು, ಕಲ್ಲು ಯಾವುದು ಎಂಬ ಭೇದ ಇಲ್ಲ.

ತೇವದ ವಿಷಯ ಇನ್ನೂ ಸೂಕ್ಷ್ಮ. ಗಣಿಯಲ್ಲಿ ದರ್ಜೆ ಘೋಷಿಸುವುದು ಪ್ರಯೋಗಾಲಯದ ನಿಗದಿತ ಹವೆಯಲ್ಲಿ (40 ಡಿಗ್ರಿ, ಶೇ 60 ಆರ್ದ್ರತೆ) ಹದಕ್ಕೆ ಬಂದ ಮಾದರಿಯ ಮೇಲೆ. ಕಾರ್ಖಾನೆಗೆ ಬರುವುದು ಗಣಿಯ ಧೂಳಿಗೆ ಹೊಡೆದ ನೀರನ್ನೂ ದಾರಿಯ ಮಳೆಯನ್ನೂ ಕುಡಿದ ಮಾಲು. ಶೇ 6 ತೇವದಲ್ಲಿ 4,150 ಕಿಲೋಕ್ಯಾಲೊರಿ ತೋರಿಸಿದ ಜಿ11, ಶೇ 12 ತೇವದೊಂದಿಗೆ ಬಂದಿಳಿದರೆ 4,150ನ್ನು 94ರಿಂದ ಭಾಗಿಸಿ 88ರಿಂದ ಗುಣಿಸಬೇಕು: 3,885. ಅಂಕಿ ಜಿ12ರ ಮೆಟ್ಟಿಲಿಗೆ ಇಳಿಯಿತು. ಯಾರೂ ಮೋಸ ಮಾಡಿಲ್ಲ, ಕಾಗದವೂ ಸರಿಯಾಗಿದೆ, ಆದರೂ ಟನ್ನಿಗೆ 2.65 ಲಕ್ಷ ಕಿಲೋಕ್ಯಾಲೊರಿ ಖೋತಾ. ಒಪ್ಪಂದ ಬರೆಯುವಾಗ ಶಾಖದ ಅಂಕಿ ಯಾವ ತೇವದ ಮೇಲಿನದ್ದು ಎಂದು ಕೇಳದೆ ಸಹಿ ಹಾಕಿದವನು ಮೊದಲ ದಿನವೇ ಸೋತ ಹಾಗೆ.

ದರ್ಜೆ ನಿರ್ಣಯವಾಗುವ ರೀತಿಯನ್ನು ಹತ್ತಿರದಿಂದ ನೋಡಿದರೆ ಅಚ್ಚರಿಯಾಗುತ್ತದೆ. ಲೋಡಿಂಗ್ ತಾಣದಲ್ಲಿ ಮೂರನೆಯ ಸಂಸ್ಥೆಯವರು ಆಯ್ದ ಡಬ್ಬಿಗಳಿಂದ ಮೇಲ್ಪದರ ಸರಿಸಿ ಮಾಲು ತೆಗೆಯುತ್ತಾರೆ. ಅದನ್ನು ಜಜ್ಜಿ, ಗುಡ್ಡೆ ಹಾಕಿ, ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡುತ್ತಾರೆ. ಉಳಿದದ್ದಕ್ಕೆ ಮತ್ತೆ ಅದೇ ಸಂಸ್ಕಾರ. ಹೀಗೆ ಇಳಿಸುತ್ತ ಇಳಿಸುತ್ತ ಕಡೆಗೆ 212 ಮೈಕ್ರಾನ್ ಜರಡಿ ದಾಟುವ ಪುಡಿಯಾಗುತ್ತದೆ. ಮಾರುವವನಿಗೊಂದು, ಕೊಳ್ಳುವವನಿಗೊಂದು, ಜಗಳ ಬಂದರೆ ಇರಲಿ ಎಂದು ಮೊಹರು ಹಾಕಿದ್ದೊಂದು ಪಾಲು. ಶಾಖ ಅಳೆಯುವ ಬಾಂಬ್ ಕ್ಯಾಲೊರಿಮೀಟರಿನಲ್ಲಿ ಸುಡುವುದು ಸುಮಾರು ಒಂದು ಗ್ರಾಂ. 4,000 ಟನ್ನಿನ ಬೆಲೆಯನ್ನು ಆ ಒಂದು ಗ್ರಾಂ ಹೇಳಬೇಕು. ಗುಡ್ಡೆಯಿಂದ ಪಾಲು ತೆಗೆಯುವಾಗ ಕಲ್ಲು ಒಂದು ಕಡೆ ಉರುಳಿ ಪುಡಿ ಇನ್ನೊಂದು ಕಡೆ ಉಳಿದರೆ ಅಲ್ಲಿಗೆ ಒಂದು ಮೆಟ್ಟಿಲು ಹೆಚ್ಚುಕಮ್ಮಿ. ಹಾಗಾಗಿ ದೊಡ್ಡ ಗಿರಾಕಿಗಳು ಲೋಡಿಂಗ್ ತಾಣದಲ್ಲಿ ತಮ್ಮ ಮನುಷ್ಯನನ್ನು ನಿಲ್ಲಿಸುತ್ತಾರೆ. ಆ ಸಂಬಳ ದಂಡವಲ್ಲ.

ಲೀಟರಿಗೆ ಎಷ್ಟು ಬಾಡಿಗೆ

ಸೋಲಾಪುರಕ್ಕೆ ಕಲ್ಲಿದ್ದಲಿನ ಹತ್ತಿರದ ಸೀಮೆಗಳು ಎರಡು. ತೆಲಂಗಾಣದ ಸಿಂಗರೇಣಿ ಗಣಿಗಳು ಒಂದು; ರಾಮಗುಂಡಂನಿಂದ ಕಾಜಿಪೇಟೆ, ಸಿಕಂದರಾಬಾದ್, ವಾಡಿ ಮೇಲೆ ಹಾಯ್ದು ಬಂದರೆ 570 ಕಿ.ಮೀ. ಆಸುಪಾಸು. ಇನ್ನೊಂದು ಮಹಾರಾಷ್ಟ್ರದ್ದೇ ಆದ ಚಂದ್ರಪುರ–ವಣಿ ಪ್ರದೇಶದ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಗಣಿಗಳು. ಬಲ್ಲಾರಶಾ ಮೇಲಿಂದ ಅದೇ ದಾರಿಯಲ್ಲಿ 700 ಕಿ.ಮೀ. (ಅಲ್ಲಿಯೂ ಒಂದು ಭದ್ರಾವತಿ ಇದೆ. ಶಿವಮೊಗ್ಗದ ಭದ್ರಾವತಿ ಕಬ್ಬಿಣದ್ದು, ಚಂದ್ರಪುರದ್ದು ಕಲ್ಲಿದ್ದಲಿನದ್ದು. ಸುದ್ದಿ ಓದುವಾಗ ಎರಡನ್ನೂ ಕಲಸಿಕೊಳ್ಳುವವರಿದ್ದಾರೆ.) ಒಡಿಶಾದ ತಾಲ್ಚೇರ್‌ನಿಂದ ತರಿಸಿದರೆ 1,300 ಕಿ.ಮೀ. ದಾಟುತ್ತದೆ.

ಲೆಕ್ಕ ಸುಲಭವಾಗಲಿ ಎಂದು ದುಂಡು ಅಂಕಿಗಳನ್ನು ಇಟ್ಟುಕೊಳ್ಳೋಣ. ಇವು ದರಪಟ್ಟಿಯಲ್ಲ, ಲೆಕ್ಕದ ಊಹೆ. ಗಣಿ ಬಾಯಲ್ಲಿ ತೆರಿಗೆ ಸಹಿತ ಟನ್ನಿಗೆ 2,000 ರೂ. ರೈಲು ಬಾಡಿಗೆ ಟನ್ನಿಗೆ ಕಿ.ಮೀ.ಗೆ 2 ರೂ. 700 ಕಿ.ಮೀ.ಗೆ 1,400 ರೂ. ಇಳಿದ ಬೆಲೆ 3,400 ರೂ. ಗಣಿಯಲ್ಲಿ ಹತ್ತು ಲಕ್ಷ ಕಿಲೋಕ್ಯಾಲೊರಿಗೆ 482 ರೂ. ಬಿದ್ದದ್ದು (4,150ರ ಲೆಕ್ಕದಲ್ಲಿ) ಇಲ್ಲಿ 875 ರೂ. ಆಗುತ್ತದೆ (ತೇವ ಕುಡಿದ 3,885ರ ಲೆಕ್ಕದಲ್ಲಿ). ಟನ್ನಿನ ಬೆಲೆ ಏರಿದ್ದು ಶೇ 70, ಶಾಖದ ಬೆಲೆ ಏರಿದ್ದು ಶೇ 80ಕ್ಕೂ ಮೇಲೆ.

ಇನ್ನು ಇದು ಡೀಸೆಲ್ಲಾಗಬೇಕು. 4,000 ಕಿಲೋಕ್ಯಾಲೊರಿಯ ಕಲ್ಲಿದ್ದಲು ಒಂದು ಟನ್ನಿನಲ್ಲಿ 40 ಲಕ್ಷ ಕಿಲೋಕ್ಯಾಲೊರಿ ಇರುತ್ತದೆ. ಕಾರ್ಖಾನೆಯ ಸ್ವಂತ ಹಬೆ, ವಿದ್ಯುತ್ತು ಎಲ್ಲ ಇದರಲ್ಲೇ ಕಳೆದು ಸುಮಾರು ಶೇ 40ರಷ್ಟು ದ್ರವವಾಗಿ ಉಳಿದರೆ ಸಿಗುವುದು 1.2 ಬ್ಯಾರೆಲ್, ಅಂದರೆ 190 ಲೀಟರ್. ದಕ್ಷಿಣ ಆಫ್ರಿಕಾದ ಸಾಸೋಲ್ ಕಂಪನಿಯ ಸೆಕುಂಡಾ ಸ್ಥಾವರ ನಮ್ಮದಕ್ಕಿಂತ ಉತ್ತಮ ಕಲ್ಲಿದ್ದಲಿನಿಂದಲೂ ಟನ್ನಿಗೆ 1.4 ಬ್ಯಾರೆಲ್ ಆಸುಪಾಸು ತೆಗೆಯುತ್ತದೆ, ಹಾಗಾಗಿ 1.2 ಎಂಬುದು ಜಿಪುಣ ಅಂದಾಜೇನಲ್ಲ. ಈಗ 1,400 ರೂ. ಬಾಡಿಗೆಯನ್ನು 190 ಲೀಟರಿಗೆ ಹಂಚಿ: ಲೀಟರಿಗೆ 7 ರೂ. 40 ಪೈಸೆ.

ತಿರುಗಿಸಿ ನೋಡಿ. ಕಾರ್ಖಾನೆ ಚಂದ್ರಪುರದಲ್ಲೇ ಇದ್ದು ತಯಾರಾದ ಡೀಸೆಲ್ಲೇ ಟ್ಯಾಂಕ್ ವ್ಯಾಗನ್ನಿನಲ್ಲಿ ಅದೇ 700 ಕಿ.ಮೀ. ಬಂದರೆ? ಎಣ್ಣೆಗೆ ಬಾಡಿಗೆ ದರ್ಜೆ ಮೇಲಿನದು, ಅದಕ್ಕೆ 3 ರೂ. ಹಿಡಿಯೋಣ. ಟನ್ನಿಗೆ 2,100 ರೂ. ಈ ಬಗೆಯ ಡೀಸೆಲ್ ಹಗುರ, ಟನ್ನಿಗೆ 1,280 ಲೀಟರ್ ಬರುತ್ತದೆ. ಲೀಟರಿಗೆ 1 ರೂ. 64 ಪೈಸೆ. ನಾಲ್ಕೂವರೆ ಪಟ್ಟು ವ್ಯತ್ಯಾಸ. ಪೈಪ್‌ಲೈನಿನಲ್ಲಿ ಬಂದರೆ ಇನ್ನೂ ಅಗ್ಗ. ಮುಂಬೈ–ಪುಣೆ–ಸೋಲಾಪುರ ಪೈಪ್‌ಲೈನ್ ಸೋಲಾಪುರದ ಹತ್ತಿರದ ಪಾಕಣಿಯ ತನಕ ಈಗಾಗಲೇ ಎಣ್ಣೆ ತಂದು ಸುರಿಯುತ್ತಿದೆ. ಸೋಲಾಪುರದಲ್ಲಿ ತಯಾರಾದ ಕಲ್ಲಿದ್ದಲಿನ ಡೀಸೆಲ್ ಪೈಪೋಟಿ ಮಾಡಬೇಕಾದದ್ದು ಆ ಪೈಪಿನ ಜೊತೆ.

ತೊಳೆದು ತಂದರೆ?

ಬೂದಿಯೇ ಸಮಸ್ಯೆಯಾದರೆ ಗಣಿಯಲ್ಲೇ ತೊಳೆದು ತನ್ನಿ ಎಂದು ಯಾರಾದರೂ ಹೇಳುತ್ತಾರೆ. ಹೇಳಬೇಕಾದ ಮಾತೇ. 500 ಕಿ.ಮೀ. ಮೀರಿ ಸಾಗಿಸುವ ಕಲ್ಲಿದ್ದಲಿನಲ್ಲಿ ಬೂದಿ ಶೇ 34 ಮೀರಬಾರದು ಎಂಬ ನಿಯಮವನ್ನು ಕೇಂದ್ರ ಪರಿಸರ ಸಚಿವಾಲಯ 2014ರಲ್ಲಿ ವಿದ್ಯುತ್ ಸ್ಥಾವರಗಳಿಗೆ ತಂದೂ ಇತ್ತು. 2020ರ ಮೇನಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಆದರೆ ತೊಳೆಯುವುದು ಅಕ್ಕಿ ತೊಳೆದ ಹಾಗಲ್ಲ. ಭಾರತದ ಕಲ್ಲಿದ್ದಲಿನಲ್ಲಿ ಖನಿಜ ಒಳಗೊಳಗೇ ಹೆಣೆದುಕೊಂಡಿದೆ. ಭಾರ ನೋಡಿ ಬೇರ್ಪಡಿಸುವಾಗ ಕಲ್ಲಿನ ಜೊತೆ ಒಳ್ಳೆಯ ಇದ್ದಲೂ ಹೋಗುತ್ತದೆ. 3,800 ಕಿಲೋಕ್ಯಾಲೊರಿಯ ಒಂದು ಟನ್ ತೊಳೆದಾಗ 4,500ರ 750 ಕಿಲೋ ಸಿಕ್ಕಿತು ಎನ್ನೋಣ. 2,000 ರೂ.ಯ ಮಾಲು ಮುಕ್ಕಾಲು ಪಾಲಾದಾಗ ಟನ್ನಿಗೆ 2,667 ರೂ.; ತೊಳೆಯುವ ಕೂಲಿ ಸೇರಿ 2,900 ರೂ. ಎಂದಿಡಿ. ಶಾಖದ ಲೆಕ್ಕದಲ್ಲಿ ತೊಳೆದದ್ದೂ ತೊಳೆಯದ್ದೂ ಸಮವಾಗುವ ದೂರ ಯಾವುದು ಎಂದು ಗುಣಿಸಿದರೆ 1,440 ಕಿ.ಮೀ. ಬರುತ್ತದೆ. ಅಂದರೆ ಬಾಡಿಗೆ ಉಳಿತಾಯ ಒಂದನ್ನೇ ನಂಬಿ ಚಂದ್ರಪುರದಿಂದ ಸೋಲಾಪುರಕ್ಕೆ ತೊಳೆದು ತರುವುದು ನಷ್ಟದ ಬಾಬತ್ತು. ತೊಳೆಯುವುದಕ್ಕೆ ಅರ್ಥ ಬರುವುದು ಗ್ಯಾಸಿಫೈಯರಿನೊಳಗಿನ (ಕಲ್ಲಿದ್ದಲನ್ನು ಗ್ಯಾಸ್ ಮಾಡುವ ಕುಲುಮೆಯೊಳಗಿನ) ಉಳಿತಾಯವನ್ನೂ ಸೇರಿಸಿದಾಗ. ಯಾಕೆಂದರೆ ಒಳಗೆ ಹೋದ ಪ್ರತಿ ಕಿಲೋ ಬೂದಿಯನ್ನೂ ಸಾವಿರ ಡಿಗ್ರಿಯ ಆಸುಪಾಸು ಇಲ್ಲವೆ ಅದಕ್ಕೂ ಮೇಲೆ ಕಾಯಿಸಲೇಬೇಕು, ಆ ಶಾಖಕ್ಕೆ ಆಮ್ಲಜನಕ ಬೇಕು, ಆಮ್ಲಜನಕ ಬೇರ್ಪಡಿಸುವ ಘಟಕ ವಿದ್ಯುತ್ತನ್ನು ಗಟಗಟನೆ ಕುಡಿಯುತ್ತದೆ.

ಯಾವ ಗ್ಯಾಸಿಫೈಯರ್ ಎಂಬುದರ ಮೇಲೂ ಖರೀದಿ ನಿಂತಿದೆ. ಲುರ್ಗಿ ಮಾದರಿಯದ್ದಕ್ಕೆ 5ರಿಂದ 50 ಮಿಲಿಮೀಟರಿನ ಹೆಂಟೆ ಬೇಕು. ಪುಡಿ ಹೋದರೆ ಹೆಂಟೆಗಳ ಸಂದು ಮುಚ್ಚಿ ಗ್ಯಾಸ್ ಒಂದೇ ದಾರಿ ಹಿಡಿಯುತ್ತದೆ, ಅಲ್ಲಿ ಬೂದಿ ಕರಗಿ ಗಟ್ಟಿಯಾಗಿ ಕೂತು ತಳದಲ್ಲಿ ತಿರುಗುವ ಜಾಲರಿಯನ್ನೇ ಹಿಡಿದುಬಿಡುತ್ತದೆ. ಕಲ್ಲಿದ್ದಲೋ ಪ್ರತಿ ಸಲ ಬಿದ್ದಾಗಲೂ ಒಡೆಯುವ ವಸ್ತು: ಗಣಿಯ ಬೆಲ್ಟಿನಿಂದ ರಾಶಿಗೆ, ರಾಶಿಯಿಂದ ಡಬ್ಬಿಗೆ, ಡಬ್ಬಿಯಿಂದ ಗುಂಡಿಗೆ, ಗುಂಡಿಯಿಂದ ಬೆಲ್ಟಿಗೆ. ಹೆಂಟೆಯ ಬೆಲೆ ಕೊಟ್ಟು ತಂದದ್ದರಲ್ಲಿ ಒಂದು ಪಾಲು ದಾರಿಯಲ್ಲೇ ಪುಡಿ. ಸೆಕುಂಡಾದಲ್ಲಿ ಆ ಪುಡಿಯನ್ನು ಜರಡಿ ಹಿಡಿದು ಬಾಯ್ಲರಿಗೆ ಕಳಿಸುತ್ತಾರೆ, ಹಾಗಾಗಿ ಹಾಳಾಗುವುದಿಲ್ಲ. ನುಣ್ಣಗೆ ಅರೆದ ಪುಡಿಯನ್ನೇ ಊದುವ ಮಾದರಿಗೆ ಗಾತ್ರದ ಚಿಂತೆ ಇಲ್ಲ, ಆದರೆ ಅದು ಬೂದಿಯನ್ನು ದ್ರವ ಮಾಡಿ ಹೊರಗೆ ಹರಿಸಬೇಕು. ಭಾರತದ ಬೂದಿ ಬಹುಮಟ್ಟಿಗೆ 1,500 ಡಿಗ್ರಿಯ ಮೇಲೆ ಹೋಗದೆ ಕರಗುವುದಿಲ್ಲ. ಸುಣ್ಣದಕಲ್ಲು ಬೆರೆಸಿ ಕರಗುವ ಬಿಂದು ಇಳಿಸಬಹುದು, ಬೂದಿ ಕಡಿಮೆ ಇರುವ ಪೆಟ್‌ಕೋಕ್ (ಕಚ್ಚಾ ತೈಲ ಶುದ್ಧಿ ಮಾಡಿದಾಗ ಉಳಿಯುವ ಇದ್ದಲು) ಬೆರೆಸಬಹುದು; ತಾಲ್ಚೇರ್ ಯೂರಿಯಾ ಯೋಜನೆ ಪೆಟ್‌ಕೋಕ್ ಬೆರೆಸುವ ದಾರಿ ಹಿಡಿದಿದೆ. ಬೂದಿ ಹೆಚ್ಚಿರುವ ನಮ್ಮ ಮಾಲಿಗೆ ಒಗ್ಗುವುದು ಮರಳು ಕುದಿಯುವ ಹಾಗೆ ಕುದಿಯುವ ಫ್ಲೂಯಿಡೈಸ್ಡ್ ಬೆಡ್. ಬಿಎಚ್‌ಇಎಲ್ ತಿರುಚಿರಾಪಳ್ಳಿಯಲ್ಲೂ ಹೈದರಾಬಾದಿನಲ್ಲೂ ಪ್ರಯೋಗ ನಡೆಸಿದ್ದು ಅದರ ಮೇಲೇ. ಅದರ ಕೊರತೆ, ಸುಡದ ಕಾರ್ಬನ್ ಬೂದಿಯ ಜೊತೆ ಹೊರಬೀಳುವುದು. ಒಟ್ಟಿನಲ್ಲಿ ಯಂತ್ರ ಆರಿಸಿದ ದಿನವೇ ಗಣಿಯನ್ನೂ ಆರಿಸಿದ ಹಾಗೆ. ಅಗ್ಗವಾಗಿ ಸಿಕ್ಕಿತೆಂದು ಮುಂದೆ ಬೇರೆ ಗಣಿಯ ಮಾಲು ತುಂಬುವುದು, ಬೆಂಕಿ ಹಾಕುವವರಿಗೆ ಗೊತ್ತಿಲ್ಲದಂತೆ ಒಲೆ ಬದಲಿಸಿದ ಹಾಗಾಗುತ್ತದೆ.

ರೇಕ್ ತಪ್ಪಿದ ದಿನ

ಇಲ್ಲಿಯ ತನಕದ್ದು ಬೆಲೆಯ ಮಾತು. ಅದಕ್ಕಿಂತ ದೊಡ್ಡದು ತಪ್ಪದೆ ಬರುವ ಮಾತು, ಆದರೆ ಯೋಜನಾ ವರದಿಗಳಲ್ಲಿ ಇದಕ್ಕೆ ಸಿಗುವ ಜಾಗ ಕಡಿಮೆ.

ಇಂಥ ಸ್ಥಾವರಕ್ಕೆ ಬಂಡವಾಳ ವಿಪರೀತ. ದಿನಕ್ಕೆ ಒಂದು ಬ್ಯಾರೆಲ್ ತೆಗೆಯುವ ಸಾಮರ್ಥ್ಯಕ್ಕೆ ಒಂದು ಲಕ್ಷ ಡಾಲರ್ ಎಂದು ಹಿಡಿಯಿರಿ, ವರ್ಷಕ್ಕೆ ಬಡ್ಡಿ–ಸವಕಳಿ ಶೇ 12. ವರ್ಷಕ್ಕೆ 330 ದಿನ ಓಡಿದರೆ ಬ್ಯಾರೆಲ್ಲಿಗೆ 36 ಡಾಲರ್. ಡಾಲರಿಗೆ 85 ರೂ. ಆದರೆ ಲೀಟರಿಗೆ 19 ರೂ. 40 ಪೈಸೆ. ಸೋಲಾಪುರಕ್ಕೆ ಇಳಿದ ಕಲ್ಲಿದ್ದಲಿನ ಪಾಲು ಲೀಟರಿಗೆ 18 ರೂ.; ಬಂಡವಾಳದ ಪಾಲು ಅದನ್ನೂ ಮೀರಿತು. ಈಗ ರೇಕ್ ಸಿಗದೆ, ಮಳೆಗಾಲದಲ್ಲಿ ಗಣಿಗೆ ನೀರು ನುಗ್ಗಿ, 330 ದಿನದ ಜಾಗದಲ್ಲಿ 219 ದಿನದಷ್ಟೇ ಕೆಲಸವಾಯಿತು ಎನ್ನಿ. ಅದೇ ಬಂಡವಾಳ ಲೀಟರಿಗೆ 29 ರೂ. ದಾಟುತ್ತದೆ. ಹತ್ತು ರೂಪಾಯಿ ಏರಿಕೆ. ರೈಲು ಬಾಡಿಗೆ ಪೂರ್ತಿ ಮಾಫಿಯಾದರೂ ಈ ನಷ್ಟ ತುಂಬುವುದಿಲ್ಲ.

ಬೇಸಿಗೆಯಲ್ಲಿ ವಿದ್ಯುತ್ ಬೇಡಿಕೆ ಏರಿ ಸ್ಥಾವರಗಳ ರಾಶಿ ಕರಗತೊಡಗಿದರೆ ರೇಕ್‌ಗಳ ಸರದಿಯಲ್ಲಿ ವಿದ್ಯುತ್ ಕ್ಷೇತ್ರ ಮುಂದೆ, ಉಳಿದವರು ಹಿಂದೆ. 2022ರ ಏಪ್ರಿಲ್–ಮೇನಲ್ಲಿ ಕಲ್ಲಿದ್ದಲಿನ ಗಾಡಿಗಳಿಗೆ ದಾರಿ ಬಿಡಲು ಪ್ರಯಾಣಿಕರ ರೈಲುಗಳನ್ನೇ ರದ್ದು ಮಾಡಿದ್ದನ್ನು ಓದುಗರು ಮರೆತಿರಲಾರರು. ದಿನಕ್ಕೆ 10,000 ಬ್ಯಾರೆಲ್ಲಿನ ಒಂದು ಸಾಧಾರಣ ಸ್ಥಾವರಕ್ಕೂ ದಿನಕ್ಕೆ 8,300 ಟನ್, ಅಂದರೆ ಎರಡು ರೇಕ್ ತಪ್ಪದೆ ಬರಬೇಕು. 20 ದಿನದ ದಾಸ್ತಾನು ಇಡುವುದಾದರೆ 1.67 ಲಕ್ಷ ಟನ್. ಮೇಲೆ ಹೇಳಿದ ದರದಲ್ಲಿ ಸುಮಾರು 57 ಕೋಟಿ ರೂ. ಅಂಗಳದಲ್ಲಿ ಬಿದ್ದಿರುತ್ತದೆ, ಅದಕ್ಕೂ ಬಡ್ಡಿ. ಗಾಳಿ ತಗುಲಿ ರಾಶಿ ತನ್ನಷ್ಟಕ್ಕೆ ಬಿಸಿಯಾಗುತ್ತದೆ. ಬುಲ್ಡೋಜರ್ ಓಡಿಸಿ ಒತ್ತಿ ಗಾಳಿ ಹೊರಗೆ ಹಾಕಬೇಕು, ಒಳಗೆ 60–70 ಡಿಗ್ರಿ ದಾಟಿದ ಜಾಗವನ್ನು ಅಗೆದು ಹರಡಬೇಕು. ಬರೀ ನೀರು ಹೊಡೆದರೆ ಮೇಲೆ ತಣ್ಣಗೆ, ಒಳಗೆ ಕೆಂಡ.

ಇಳಿಸುವ ಜಾಗ ಒಮ್ಮೆ ನೋಡಿ. ಮೇಲೆ ತೆರೆದಿರುವ ಸಾಮಾನ್ಯ ಬಾಕ್ಸ್‌ಎನ್ ಡಬ್ಬಿಗೆ ಕೆಳಗೆ ಬಾಗಿಲಿಲ್ಲ, ವ್ಯಾಗನ್ ಟಿಪ್ಲರ್ ಇಡೀ ಡಬ್ಬಿಯನ್ನು ಅಪ್ಪಿಕೊಂಡು ಬೋರಲು ಹಾಕುತ್ತದೆ. ಒಣ ದಿನದಲ್ಲಿ ಗಂಟೆಗೆ 12–15 ಡಬ್ಬಿ. ನಾಲ್ಕೈದು ಗಂಟೆಗೆ ಒಂದು ರೇಕ್ ಖಾಲಿ. ಮೃಗಶಿರಾ ಮಳೆ ಹಿಡಿದ ಮೇಲೆ ಕಥೆ ಬೇರೆ. ಪುಡಿ ಹೆಚ್ಚಿರುವ ಮಾಲು ನೀರು ಕುಡಿದು ಎರೆಮಣ್ಣಿನ ಹಾಗೆ ಡಬ್ಬಿಯ ಮೂಲೆಗೆ ಅಂಟುತ್ತದೆ. ಮಗುಚಿದರೂ ಬೀಳದು. ಬಿದ್ದದ್ದು ಗುಂಡಿಯ ಮೇಲಿನ ಕಬ್ಬಿಣದ ಜಾಲರಿಯಲ್ಲಿ ಗಂಟು ಕಟ್ಟುತ್ತದೆ, ಅದರ ಮೇಲೆ ಎರಡು ಮೊಳದ ಬಂಡೆಯೊಂದು ಕೂತರೆ ಜನ ಸುತ್ತಿಗೆ ಹಿಡಿದು ಇಳಿಯಬೇಕು. ಕೆಳಗಿನ ಇಳಿಜಾರು ಕೊಳವೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ರೈಲ್ವೆ ಕೊಟ್ಟ ಉಚಿತ ಸಮಯ ಮುಗಿದು ಡಬ್ಬಿಗೆ ಗಂಟೆಗೆ ಇಷ್ಟೆಂದು ಡೆಮರೇಜ್, ಅಂದರೆ ತಡದ ದಂಡ, ಓಡತೊಡಗುತ್ತದೆ, ಹಿಂದಿನ ನಿಲ್ದಾಣದಲ್ಲಿ ಎರಡನೆಯ ರೇಕ್ ಕಾಯುತ್ತಿರುತ್ತದೆ. ತಳದಲ್ಲಿ ಬಾಗಿಲಿರುವ ಬಾಬ್ರನ್ ಡಬ್ಬಿಗಳು ಇದಕ್ಕೆ ಮದ್ದು. ಆದರೆ ಅವು ಗಣಿಗೂ ಸ್ಥಾವರಕ್ಕೂ ನಡುವೆ ಸುತ್ತು ಹೊಡೆಯಲು ಮಾಡಿದ ಡಬ್ಬಿಗಳು. ಹತ್ತಿರದ ಗಣಿಗೆ ಸರಿ, ದೂರದ ದಾರಿಗೆ ಸಿಗುವುದು ಕಷ್ಟ.

ತೂಕದ ಬಾಬತ್ತೂ ಸಣ್ಣದಲ್ಲ. ಡಬ್ಬಿ ಪೂರ್ತಿ ತುಂಬದಿದ್ದರೂ ಬಾಡಿಗೆ ಡಬ್ಬಿಯ ಪೂರ್ಣ ಸಾಮರ್ಥ್ಯಕ್ಕೇ, ಹೆಚ್ಚು ತುಂಬಿದರೆ ದಂಡ. ಒಬ್ಬ ಜೆಸಿಬಿ ಚಾಲಕನ ಅಂದಾಜಿನ ಮೇಲೆ 58 ಡಬ್ಬಿಯ ಲೆಕ್ಕ ನಿಂತಿರುತ್ತದೆ. ದೊಡ್ಡ ಗಣಿಗಳು ಈಗ ಬಂಕರಿನಿಂದ ತೂಗಿ ಸುರಿಯುವ ಸೈಲೋ ಕಟ್ಟುತ್ತಿರುವುದು ಈ ಕಾರಣಕ್ಕೂ ಹೌದು. ಗಣಿಯಿಂದ ದೂರದ ವಿದ್ಯುತ್ ಸ್ಥಾವರಗಳಿಗೆ ದಾರಿಯ ಸೋರಿಕೆ ಎಂದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಒಪ್ಪುವುದು ಶೇ 0.8, ಗಣಿಯ ಬಾಯಿಗೇ ಇದ್ದರೆ ಶೇ 0.2.

ಹಡಗಿನ ಕಲ್ಲಿದ್ದಲು, ಸರ್ಕಾರದ ಕೈ

ಇಂಡೋನೇಷ್ಯಾದ ಮಾಲು ತರಿಸಿದರೆ ಬೂದಿಯ ಕಾಟ ಇಲ್ಲ, ಶೇ 5–8 ಅಷ್ಟೇ. ಆದರೆ ಅಗ್ಗದ ದರ್ಜೆಯಲ್ಲಿ ತೇವವೇ ಶೇ 35ರ ಹತ್ತಿರ. ಬೂದಿಯ ಬದಲು ನೀರಿಗೆ ಬಾಡಿಗೆ. ಬಂದರಿನಿಂದ ಘಟ್ಟ ಹತ್ತಿಸುವ ಖರ್ಚು ಬೇರೆ. ಇದಕ್ಕಿಂತ ಮುಖ್ಯವಾದದ್ದು: ದ್ರವ ಇಂಧನ ಮಾಡುವುದೇ ಕಚ್ಚಾ ತೈಲದ ಬೆಲೆ ಏರಿಳಿತದಿಂದ ತಪ್ಪಿಸಿಕೊಳ್ಳಲು. 2022ರಲ್ಲಿ ತೈಲ ಏರಿದಾಗ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಕಲ್ಲಿದ್ದಲೂ ಟನ್ನಿಗೆ 400 ಡಾಲರ್ ದಾಟಿತು. ಎರಡೂ ಒಟ್ಟಿಗೇ ಏರುವುದಾದರೆ ಕೊಡೆ ಹಿಡಿದೂ ನೆನೆದ ಹಾಗೆ.

ತೆರಿಗೆಯಲ್ಲಿ ಇತ್ತೀಚೆಗೆ ಒಂದು ಬದಲಾವಣೆ ಆಗಿದೆ, ಅದರ ಪರಿಣಾಮ ಮೇಲ್ನೋಟಕ್ಕೆ ತಿಳಿಯುವುದಿಲ್ಲ. 2025ರ ಸೆಪ್ಟೆಂಬರ್ 21ರ ತನಕ ಕಲ್ಲಿದ್ದಲಿಗೆ ಶೇ 5 ಜಿಎಸ್‌ಟಿ ಮತ್ತು ಟನ್ನಿಗೆ 400 ರೂ. ಸೆಸ್ ಇತ್ತು. ಸೆಸ್ ಹೋಗಿ ಜಿಎಸ್‌ಟಿ ಶೇ 18 ಆಯಿತು. 400 ರೂ. ಎಂಬುದು ಬೂದಿಗೂ ಇದ್ದಲಿಗೂ ಒಂದೇ ಏಟು. ಶೇಕಡಾ ಲೆಕ್ಕ ಮಾಲಿನ ಬೆಲೆ ನೋಡಿ ಬೀಳುತ್ತದೆ. ಹಾಗಾಗಿ ಟನ್ನಿಗೆ 3,077 ರೂ.ಗಿಂತ ಕಡಿಮೆ ಮೂಲಬೆಲೆಯ ಮಾಲಿಗೆ ತೆರಿಗೆ ಇಳಿಯಿತು, ಅದಕ್ಕೂ ಮೇಲಿನದಕ್ಕೆ ಏರಿತು. ಗ್ಯಾಸಿಫಿಕೇಶನ್ನಿಗೆ ಬರುವ ಕೆಳದರ್ಜೆಗೆ ಇದು ಅನುಕೂಲವೇ. ಕೊಕ್ಕೆ ಇರುವುದು ಇನ್ನೊಂದು ಕಡೆ: ಪೆಟ್ರೋಲ್, ಡೀಸೆಲ್, ವಿಮಾನ ಇಂಧನ ಜಿಎಸ್‌ಟಿಯ ಹೊರಗಿವೆ. ಡೀಸೆಲ್ ಮಾಡುವವನು ಕಲ್ಲಿದ್ದಲಿಗೆ ಕೊಟ್ಟ ಶೇ 18ನ್ನು ಯಾವುದರಲ್ಲೂ ವಜಾ ಮಾಡಿಕೊಳ್ಳಲಾಗದು. ಮೆಥನಾಲ್, ಅಮೋನಿಯ ಮಾಡುವವನು ಮಾಡಿಕೊಳ್ಳಬಹುದು. ಡೀಸೆಲ್ ಮಾತು ಹಿಂದೆ ಸರಿದು ದೇಶದ ಯೋಜನೆಗಳೆಲ್ಲ ಯೂರಿಯಾ, ಮೆಥನಾಲ್, ಅಮೋನಿಯಂ ನೈಟ್ರೇಟ್, ಕೃತಕ ನೈಸರ್ಗಿಕ ಅನಿಲದ ಕಡೆ ತಿರುಗಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

2030ರೊಳಗೆ 10 ಕೋಟಿ ಟನ್ ಕಲ್ಲಿದ್ದಲನ್ನು ಗ್ಯಾಸ್ ಮಾಡುವ ಗುರಿ ಕೇಂದ್ರದ್ದು. 2024ರ ಜನವರಿಯಲ್ಲಿ ಸಂಪುಟ 8,500 ಕೋಟಿ ರೂ. ನೆರವಿಗೆ ಒಪ್ಪಿತು, ಬಂಡವಾಳದ ಶೇ 15ರ ತನಕ, ವರ್ಗಕ್ಕೊಂದು ಮಿತಿ. ಹರಾಜಿನಲ್ಲಿ ಗಣಿ ಪಡೆದವನು ಉತ್ಪಾದನೆಯ ಕನಿಷ್ಠ ಶೇ 10ನ್ನು ಗ್ಯಾಸಿಫಿಕೇಶನ್ನಿಗೆ ಬಳಸಿದರೆ ಅಷ್ಟರ ಮಟ್ಟಿಗೆ ಸರ್ಕಾರಕ್ಕೆ ಕೊಡುವ ಆದಾಯದ ಪಾಲಿನಲ್ಲಿ ಅರ್ಧ ರಿಯಾಯಿತಿ. ಲಿಂಕೇಜ್ (ದೀರ್ಘಾವಧಿಯ ಕಲ್ಲಿದ್ದಲು ಪೂರೈಕೆ) ಹರಾಜಿನಲ್ಲಿ ಸಿನ್‌ಗ್ಯಾಸಿಗೆ ಪ್ರತ್ಯೇಕ ಉಪವಿಭಾಗವನ್ನೂ ಮಾಡಿದ್ದಾರೆ. ಈ ರಿಯಾಯಿತಿಗಳನ್ನು ಗಮನಿಸಿ ನೋಡಿ: ಒಂದೂ ರೈಲು ಬಾಡಿಗೆಯ ಮೇಲಿಲ್ಲ. ಗಣಿ ಮತ್ತು ಬಂಡವಾಳದ ಮೇಲಿವೆ. ಯೋಜನೆಗಳ ಜಾಗವೂ ಅದನ್ನೇ ಹೇಳುತ್ತದೆ: ತಾಲ್ಚೇರ್, ಅಂಗುಲ್, ಝಾರ್ಸುಗುಡಾ, ಸೋನೆಪುರ ಬಾಜಾರಿ. ಎಲ್ಲ ಗಣಿಯ ಮಗ್ಗುಲು. ಸೆಕುಂಡಾ ವರ್ಷಕ್ಕೆ ಸುಮಾರು 4 ಕೋಟಿ ಟನ್ ನುಂಗುತ್ತದೆ, ನಮ್ಮ ಲೆಕ್ಕದಲ್ಲಿ ದಿನಕ್ಕೆ 27 ರೇಕ್. ಅದು ಸುತ್ತಲಿನ ಸ್ವಂತ ಗಣಿಗಳಿಂದ ಬೆಲ್ಟಿನ ಮೇಲೆ ಬರುತ್ತದೆ. ಅಷ್ಟನ್ನು ರೈಲಿನಲ್ಲಿ 700 ಕಿ.ಮೀ. ತರಿಸಿಕೊಳ್ಳುವ ಕಾರ್ಖಾನೆಯನ್ನು ಜಗತ್ತಿನಲ್ಲಿ ಯಾರೂ ಕಟ್ಟಿಲ್ಲ.

ಹೋಟಗಿ ಕಡೆಯ ಪರವಾಗಿ ಹೇಳಬಹುದಾದದ್ದೂ ಉಂಟು. ಹಳಿ ಇದೆ. ವಾಡಿ–ಶಹಾಬಾದಿನ ಸುಣ್ಣದಕಲ್ಲು ಹತ್ತಿರ. ಹೋಟಗಿಯಲ್ಲಿ ಸಿಮೆಂಟ್ ಘಟಕ ಇದೆ, ಬೂದಿಗೆ ಗಿರಾಕಿ ಸಿಗಬಹುದು. 10,000 ಬ್ಯಾರೆಲ್ಲಿನ ಸ್ಥಾವರದಿಂದ ದಿನಕ್ಕೆ 3,150 ಟನ್ ಬೂದಿ ಹೊರಬೀಳುತ್ತದೆ ಎಂಬುದು ನೆನಪಿರಲಿ, ಅದನ್ನು ಹೊರಲು ಮತ್ತೆ ಲಾರಿ. ಗ್ಯಾಸಿಫೈಯರಿನ ಗಾಜಿನಂಥ ಕಿಟ್ಟವನ್ನು ಹಾರುಬೂದಿಯ ಹಾಗೆ ನೇರ ಬೆರೆಸಲಾಗುವುದಿಲ್ಲ, ಅರೆಯಬೇಕು.

ಉಳಿದದ್ದು ನೀರು. ಸಾಧಾರಣ ತಂಪುಗೋಪುರಗಳಿರುವ ಸ್ಥಾವರಕ್ಕೆ ಒಂದು ಬ್ಯಾರೆಲ್ ಎಣ್ಣೆಗೆ 5ರಿಂದ 7 ಬ್ಯಾರೆಲ್ ನೀರು ಬೇಕಾಗುತ್ತದೆ. 10,000 ಬ್ಯಾರೆಲ್ಲಿಗೆ ದಿನಕ್ಕೆ 80 ಲಕ್ಷದಿಂದ 1.1 ಕೋಟಿ ಲೀಟರ್. ಗಾಳಿಯಿಂದ ತಂಪಾಗಿಸುವ ವ್ಯವಸ್ಥೆ ಕೂರಿಸಿದರೆ ಇದು ಬಹಳ ಇಳಿಯುತ್ತದೆ, ಆದರೆ ಬಂಡವಾಳ ಏರುತ್ತದೆ, ಬೇಸಿಗೆಯ 43 ಡಿಗ್ರಿಯಲ್ಲಿ ಉತ್ಪಾದನೆಯೂ ಕುಗ್ಗುತ್ತದೆ. ನೀರು ಬರಬೇಕಾದದ್ದು ಉಜನಿ ಅಣೆಕಟ್ಟಿನಿಂದಲೇ. ಅದರ ಮೇಲೆ ಈಗಾಗಲೇ ಕಬ್ಬು, ಸೋಲಾಪುರ ಪಟ್ಟಣ, ಎನ್‌ಟಿಪಿಸಿ ಮೂವರ ಕೈ ಇದೆ. ಪಟ್ಟಣದ ಓಣಿಗಳಲ್ಲಿ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬುದನ್ನು ಅಲ್ಲಿನ ಕೊಡಗಳ ಸಾಲೇ ಹೇಳುತ್ತದೆ.